ಉಪ್ಪು, ಕೊರಳು, ಕಣಿವೆ: ಗಳಗಂಡದ ಚಿಕಿತ್ಸಾ ಸಂಶೋಧನೆಯ ಚರಿತ್ರೆಯಲ್ಲಿ ಜನಪದರ ಪಾಲು

ಹಾರ್ಮೋನುಗಳ ಏರುಪೇರಿನಿಂದ ಉಂಟಾಗುವ ಕಾಯಿಲೆಗಳ ಸಂಶೋಧನೆಯ ಚರಿತ್ರೆಯು ಇದುವರೆಗೆ ಬಹುಮಟ್ಟಿಗೆ ಪ್ರಯೋಗಶಾಲೆಗಳ ಚರಿತ್ರೆಯಾಗಿಯೇ ಬರೆಯಲ್ಪಟ್ಟಿದೆ. ಗ್ರಂಥಿಯನ್ನು ಗುರುತಿಸಿದವರು, ಅದರ ಸ್ರಾವವನ್ನು ಬೇರ್ಪಡಿಸಿದವರು, ಸ್ರಾವದ ರಾಸಾಯನಿಕ ರಚನೆಯನ್ನು ಬಿಡಿಸಿದವರು, ಪಾರಿತೋಷಕ ಪಡೆದವರು ಎಂಬ ಕ್ರಮದಲ್ಲಿ ಈ ಚರಿತ್ರೆ ಸಾಲುಗೊಳ್ಳುತ್ತದೆ. ಗಳಗಂಡದ ವಿಷಯದಲ್ಲಿ ಈ ಕ್ರಮ ಸಾಲದು. ಏಕೆಂದರೆ ಗಳಗಂಡ ವ್ಯಕ್ತಿಗೆ ಬರುವ ಕಾಯಿಲೆಯಾಗಿರುವಂತೆಯೇ ಊರಿಗೆ, ಕಣಿವೆಗೆ, ನೀರಿಗೆ ಅಂಟಿಕೊಂಡ ಕಾಯಿಲೆಯೂ ಹೌದು. ಪ್ರಯೋಗಶಾಲೆಗಳು ಹುಟ್ಟುವ ಎಷ್ಟೋ ಶತಮಾನಗಳ ಮೊದಲೇ ಆಯಾ ಕಣಿವೆಯ ಜನರು ಅದಕ್ಕೆ ಹೆಸರಿಟ್ಟಿದ್ದರು, ಕಾರಣ ಹೇಳಿದ್ದರು, ಮದ್ದು ಮಾಡಿದ್ದರು. ಮುಂದೆ ಪ್ರಯೋಗಶಾಲೆಗೆ ತನ್ನ ಊಹೆಯನ್ನು ಸಾಬೀತುಪಡಿಸಬೇಕಾಗಿ ಬಂದಾಗ ಅದು ಹಿಂದಿರುಗಿದ್ದು ಅದೇ ಜನರ ಬಳಿಗೆ. ಈ ಹೋಗಿಬರುವಿಕೆಯಲ್ಲಿ ಯಾರು ಏನನ್ನು ಕೊಟ್ಟರು, ಯಾರು ಏನನ್ನು ಪಡೆದರು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ಆರಂಭವಾದ ಅಯೋಡಿನ್ ಉಪ್ಪಿನ ಪ್ರಯೋಗವನ್ನು ಇದರ ಕೇಂದ್ರವಾಗಿ ಇರಿಸಿಕೊಳ್ಳಲಾಗಿದೆ.

ಕಾಯಿಲೆಯ ಸ್ವರೂಪವನ್ನು ಮೊದಲು ಸ್ಥೂಲವಾಗಿ ಹೇಳಬೇಕು. ಕೊರಳಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಥೈರಾಯ್ಡ್ ಒಂದು ನಿರ್ನಾಳ ಗ್ರಂಥಿ. ಅದು ತನ್ನ ಹಾರ್ಮೋನನ್ನು ತಯಾರಿಸಲು ಅಯೋಡಿನ್ ಬೇಕು. ವಯಸ್ಕರಿಗೆ ದಿನಕ್ಕೆ ಬೇಕಾದ ಪ್ರಮಾಣ ಸುಮಾರು 150 ಮೈಕ್ರೋಗ್ರಾಂ. ಜೀವಮಾನವಿಡೀ ಸೇರಿಸಿದರೂ ಒಂದು ಚಹಾ ಚಮಚಕ್ಕೆ ಮೀರದಷ್ಟು. ಹಿಮನದಿಗಳು ಕೊರೆದ, ಮಳೆ ತೊಳೆದ ಬೆಟ್ಟಸೀಮೆಯ ಮಣ್ಣಿನಲ್ಲಿ ಇಷ್ಟು ಅಯೋಡಿನ್ನೂ ಉಳಿದಿರುವುದಿಲ್ಲ. ಮಣ್ಣಿನಲ್ಲಿ ಇಲ್ಲದ್ದು ಬೆಳೆಯಲ್ಲಿಲ್ಲ, ಬೆಳೆಯಲ್ಲಿ ಇಲ್ಲದ್ದು ದೇಹದಲ್ಲಿಲ್ಲ. ಹಾರ್ಮೋನು ಸಾಲದಾದಾಗ ಮೆದುಳಿನ ಬುಡದ ಪಿಟ್ಯೂಟರಿ ಗ್ರಂಥಿ ಥೈರಾಯ್ಡನ್ನು ಹೆಚ್ಚು ದುಡಿಯುವಂತೆ ಪ್ರಚೋದಿಸುತ್ತದೆ. ದುಡಿದು ದುಡಿದು ಅದು ಊದಿಕೊಳ್ಳುತ್ತದೆ. ಹೊರಗೆ ಕಾಣುವ ಗಳಗಂಡ ಇದೇ. ಆದರೆ ನಿಜವಾದ ಹಾನಿ ಕಾಣದ ಕಡೆಯಲ್ಲಿದೆ. ಬಸುರಿಯಲ್ಲಿ ಅಯೋಡಿನ್ ಕೊರತೆ ತೀವ್ರವಾಗಿದ್ದರೆ ಹೊಟ್ಟೆಯಲ್ಲಿರುವ ಮಗುವಿನ ಮೆದುಳಿನ ಬೆಳವಣಿಗೆ ಕುಂಠಿತಗೊಂಡು, ಕಿವುಡು, ಮೂಕತನ, ಬುದ್ಧಿಮಾಂದ್ಯ, ಕುಳ್ಳತನಗಳೊಡನೆ ಮಗು ಹುಟ್ಟಬಹುದು. ಈ ಸ್ಥಿತಿಗೆ ಕ್ರೆಟಿನಿಸಂ ಎಂದು ಹೆಸರು.

ಹೆಸರುಗಳು ಹೇಳುವ ಕಥೆ

ಜನಪದ ಅಧ್ಯಯನಕ್ಕೆ ಹೆಸರುಗಳೇ ಮೊದಲ ಆಕರ. ಸಂಸ್ಕೃತ ವೈದ್ಯ ಗ್ರಂಥಗಳಲ್ಲಿ 'ಗಲಗಂಡ' ಎಂದಿರುವುದು ಕನ್ನಡದಲ್ಲಿ ಗಳಗಂಡವಾಗಿದೆ. ಸುಶ್ರುತ ಸಂಹಿತೆಯ ನಿದಾನಸ್ಥಾನವು ಇದನ್ನು ಗ್ರಂಥಿ, ಅಪಚಿ, ಅರ್ಬುದಗಳೊಂದಿಗೆ ಸೇರಿಸಿ ವಿವೇಚಿಸಿ, ವಾತ, ಕಫ, ಮೇದಸ್ಸುಗಳಿಂದ ಉಂಟಾಗುವ ಮೂರು ಬಗೆಗಳನ್ನು ಹೇಳುತ್ತದೆ. ಹಿಂದಿಯ 'ಘೇಂಘಾ', ಪಂಜಾಬಿಯ 'ಗಿಲ್ಲಡ' ಎಂಬ ಪದಗಳು ಹಿಮಾಲಯದ ತಪ್ಪಲಿನ ಜನರ ದೈನಂದಿನ ಮಾತಿನವು. ಗ್ರಂಥಸ್ಥ ಪದಕ್ಕೂ ಆಡುಮಾತಿನ ಪದಕ್ಕೂ ಇರುವ ಅಂತರ ಇಲ್ಲಿ ಗಮನಾರ್ಹ: ಮೊದಲನೆಯದು ವೈದ್ಯನ ಕಣ್ಣಿಗೆ ಕಂಡದ್ದು, ಎರಡನೆಯದು ಕೊರಳಿನಲ್ಲಿ ಹೊತ್ತುಕೊಂಡವರ ನೆರೆಹೊರೆ ಕರೆದದ್ದು.

'ಕ್ರೆಟಿನ್' ಎಂಬ ಪದದ ಚರಿತ್ರೆ ಇನ್ನೂ ಕುತೂಹಲಕರವಾಗಿದೆ. ಆಲ್ಪ್ಸ್ ಪರ್ವತ ಪ್ರದೇಶದ ಫ್ರೆಂಚ್ ಉಪಭಾಷೆಯಲ್ಲಿ 'ಕ್ರೈಸ್ತ' ಎಂಬ ಅರ್ಥದ ಪದದಿಂದ ಇದು ಬಂದಿದೆ ಎಂಬ ನಿರುಕ್ತಿಯೇ ಹೆಚ್ಚು ಸ್ವೀಕೃತವಾಗಿದೆ. ಅಂದರೆ, ಮಾತು ಬಾರದ, ಬುದ್ಧಿ ಬೆಳೆಯದ ಈ ಜೀವವೂ ದೀಕ್ಷಾಸ್ನಾನ ಪಡೆದ ಮನುಷ್ಯನೇ, ಪ್ರಾಣಿಯಲ್ಲ ಎಂಬ ಕರುಣೆ ಆ ಹೆಸರಿನಲ್ಲಿದೆ. ಕರಾವಳಿ ಕನ್ನಡದಲ್ಲಿ ಮುಗ್ಧನನ್ನು 'ಪಾಪದವ' ಎನ್ನುವಾಗಲೂ ಪದದ ನಿಘಂಟಿನ ಅರ್ಥ ಹಿಂದೆ ಸರಿದು ಇಂಥದೇ ಕನಿಕರ ಮುಂದೆ ಬರುತ್ತದೆ. ಊರಿನವರು ಕರುಣೆಯಿಂದ ಕೊಟ್ಟ ಹೆಸರು ವೈದ್ಯಕೀಯ ಪರಿಭಾಷೆಯಾಗಿ, ಅಲ್ಲಿಂದ ನಗರದ ಮಾತಿಗೆ ಇಳಿದು ಕೊನೆಗೆ ಬೈಗುಳವಾಯಿತು. ವಿದ್ಯಾವಂತರ ಭಾಷೆಯು ಜನಪದರ ಪದವೊಂದನ್ನು ಎರವಲು ಪಡೆದು ಕೆಡಿಸಿ ಹಿಂದಿರುಗಿಸಿದ ನಿದರ್ಶನಗಳಲ್ಲಿ ಇದೂ ಒಂದು.

ಆಲ್ಪ್ಸ್ ಸೀಮೆಯ ಹೆಂಗಸರ ಸಾಂಪ್ರದಾಯಿಕ ಉಡುಗೆಯಲ್ಲಿ ಕೊರಳಿಗೆ ಬಿಗಿಯಾಗಿ ಕಟ್ಟುವ ಅಗಲ ಪಟ್ಟಿಯೊಂದಿದೆ. ಅದರ ಜರ್ಮನ್ ಹೆಸರಿನಲ್ಲಿಯೇ ಗಳಗಂಡದ ಪದ ಸೇರಿಕೊಂಡಿದೆ. ಉಬ್ಬನ್ನು ಅಥವಾ ಅದರ ಗಾಯದ ಗುರುತನ್ನು ಮರೆಮಾಡಲು ಅದು ಹುಟ್ಟಿತೆಂಬ ಮಾತು ಅಲ್ಲಿ ಪ್ರಚಲಿತವಾಗಿದೆ. ಕಾಯಿಲೆ ಎಷ್ಟು ಸರ್ವಸಾಮಾನ್ಯವಾಗಿದ್ದರೆ ಅದು ಆಭರಣವೊಂದಕ್ಕೆ ಹೆಸರು ಕೊಡುತ್ತದೆ ಎಂಬುದನ್ನು ಊಹಿಸಬಹುದು.

ಬೂದಿಯಿಂದ ಅಯೋಡಿನ್ನಿಗೆ

ಜನಪದ ಚಿಕಿತ್ಸೆಗಳೆಲ್ಲವೂ ಸಮಾನವಲ್ಲ ಎಂಬುದನ್ನು ಆರಂಭದಲ್ಲಿಯೇ ಒಪ್ಪಿಕೊಳ್ಳುವುದು ಒಳ್ಳೆಯದು. ದೇಸಿ ಜ್ಞಾನವೆಂದೊಡನೆ ಎಲ್ಲವನ್ನೂ ವಿಜ್ಞಾನವೆಂದು ಎತ್ತಿಹಿಡಿಯುವ ಉತ್ಸಾಹ ನಮ್ಮ ಅಧ್ಯಯನಗಳಲ್ಲಿ ಕಡಿಮೆಯೇನಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಸತ್ತವನ ಕೈಯನ್ನು ಕೊರಳಿಗೆ ಸವರಿಸಿದರೆ ಗಳಗಂಡ ಕರಗುವುದೆಂಬ ನಂಬಿಕೆಯಿತ್ತು. ಅದು ನಂಬಿಕೆಯಾಗಿ ಮಹತ್ವದ್ದು, ಮದ್ದಾಗಿ ಅಲ್ಲ. ಆದರೆ ಸಮುದ್ರದ ವಸ್ತುಗಳನ್ನು ಬಳಸಿದ ಚಿಕಿತ್ಸೆಗಳ ಮಾತು ಬೇರೆ. ಚೀನಾದಲ್ಲಿ 4ನೆಯ ಶತಮಾನದ ಗೆ ಹೊಂಗ್ ಗಳಗಂಡಕ್ಕೆ ಸಮುದ್ರಪಾಚಿಯನ್ನು ಹೇಳಿದ್ದಾನೆ. 7ನೆಯ ಶತಮಾನದ ಸುನ್ ಸಿಮಿಯಾವೋ ಪ್ರಾಣಿಗಳ ಥೈರಾಯ್ಡನ್ನೇ ಮದ್ದಾಗಿ ಸೂಚಿಸಿದ್ದಾನೆ. ಮಧ್ಯಯುಗದ ಇಟಲಿಯ ಸಲೆರ್ನೊ ವೈದ್ಯ ಪರಂಪರೆ ಸಮುದ್ರದ ಸ್ಪಂಜನ್ನು ಸುಟ್ಟು ಅದರ ಬೂದಿಯನ್ನು ಕೊಡುತ್ತಿತ್ತು. ಪರಸ್ಪರ ಸಂಪರ್ಕವಿಲ್ಲದ, ಅಥವಾ ಇದ್ದರೂ ತೀರ ಅಲ್ಪವಾಗಿದ್ದ ಪರಂಪರೆಗಳು ಒಂದೇ ಕಡೆಗೆ ಕೈಚಾಚಿದ್ದು ಆಕಸ್ಮಿಕವಿರಲಾರದು.

ಇದಕ್ಕೆ ವಿವರಣೆ ದೊರೆತದ್ದು ಯುದ್ಧದ ಕಾರಣದಿಂದ. ನೆಪೋಲಿಯನ್ ಕಾಲದಲ್ಲಿ ಸಿಡಿಮದ್ದಿಗೆ ಬೇಕಾದ ಪೆಟ್ಲುಪ್ಪನ್ನು ತಯಾರಿಸುತ್ತಿದ್ದ ಬರ್ನಾರ್ ಕೂರ್ತ್ವಾ 1811ರಲ್ಲಿ ಸಮುದ್ರಪಾಚಿಯ ಬೂದಿಯಿಂದ ನೇರಳೆ ಬಣ್ಣದ ಆವಿಯೊಂದು ಏಳುವುದನ್ನು ಕಂಡನು. ಈ ಹೊಸ ಮೂಲವಸ್ತುವಿಗೆ ನೇರಳೆಯ ಗ್ರೀಕ್ ಪದದಿಂದ ಅಯೋಡಿನ್ ಎಂಬ ಹೆಸರು ಬಂದಿತು. 1819ರಲ್ಲಿ ಅದು ಸ್ಪಂಜಿನಲ್ಲಿಯೂ ಇರುವುದು ತಿಳಿಯಿತು. ಮರುವರ್ಷವೇ ಜಿನೀವಾದ ವೈದ್ಯ ಝಾನ್ ಫ್ರಾನ್ಸ್ವಾ ಕ್ವಾಂದೆ, ಬೂದಿಯಲ್ಲಿನ ಗುಣ ಅಯೋಡಿನ್ನಿನದೇ ಇರಬೇಕೆಂದು ತರ್ಕಿಸಿ ಅದರ ದ್ರಾವಣವನ್ನು ರೋಗಿಗಳಿಗೆ ಕೊಟ್ಟನು. ಫಲ ಕಂಡಿತು, ಅಳತೆ ಮೀರಿದ ಕಡೆ ವಿಷವೂ ಆಯಿತು. ಬೂದಿಯಲ್ಲಿ ಕಣದಷ್ಟಿದ್ದದ್ದು ಬಾಟಲಿಯಲ್ಲಿ ಬೇಕಾದಷ್ಟು ದೊರೆಯುವಂತಾದಾಗ ಅಳತೆಯ ವಿವೇಕ ಕಳೆದುಹೋದುದೇ ಅಯೋಡಿನ್ ಚಿಕಿತ್ಸೆ ಮುಂದಿನ ಎಷ್ಟೋ ದಶಕ ಹಿಂದೆಬೀಳಲು ಒಂದು ಮುಖ್ಯ ಕಾರಣ.

ಇದೇ ಕಾಲದ ಇನ್ನೊಂದು ಘಟನೆ ಜಾನಪದ ವಿದ್ವಾಂಸರ ಗಮನಕ್ಕೆ ಹೆಚ್ಚು ಅರ್ಹವಾದುದು. ಫ್ರೆಂಚ್ ರಸಾಯನ ವಿಜ್ಞಾನಿ ಬೂಸಿಂಗೋ ದಕ್ಷಿಣ ಅಮೆರಿಕದ ಇಂದಿನ ಕೊಲಂಬಿಯಾ ಪ್ರದೇಶದಲ್ಲಿ ಕೆಲಸ ಮಾಡುತ್ತಿದ್ದಾಗ, ಆಂತಿಯೋಕಿಯಾ ಪ್ರಾಂತದ ಜನರು ಕೆಲವು ನಿರ್ದಿಷ್ಟ ಬುಗ್ಗೆಗಳ ಉಪ್ಪನ್ನು ಗಳಗಂಡಕ್ಕೆ ಮದ್ದೆಂದು ಬಳಸುತ್ತಿದ್ದುದನ್ನು ಕಂಡನು. ಆ ಉಪ್ಪನ್ನು ಪರೀಕ್ಷಿಸಿದಾಗ ಅದರಲ್ಲಿ ಅಯೋಡಿನ್ ಇತ್ತು. 1830ರ ದಶಕದ ಆರಂಭದಲ್ಲಿ ಅವನು ಅಂಥ ಉಪ್ಪನ್ನು ಗಳಗಂಡದ ಸೀಮೆಗಳಿಗೆಲ್ಲ ಹಂಚಬೇಕೆಂದು ಸಲಹೆಯಿತ್ತನು. ಯಾವ ಉಪ್ಪು ಕೊರಳಿಗೆ ಒಳ್ಳೆಯದು ಎಂಬ ತಿಳಿವಳಿಕೆ ಬೆಟ್ಟದ ಜನರಲ್ಲಿತ್ತು. ಏಕೆ ಒಳ್ಳೆಯದು ಎಂಬ ಉತ್ತರ ರಸಾಯನ ವಿಜ್ಞಾನಿಯಲ್ಲಿತ್ತು. ಇವೆರಡೂ ಕೂಡಿದ ಆ ಕ್ಷಣದಲ್ಲಿಯೇ ಅಯೋಡಿನ್ ಉಪ್ಪಿನ ಕಲ್ಪನೆ ಹುಟ್ಟಿದೆ. ಅದು ಆಚರಣೆಗೆ ಬರಲು ಮಾತ್ರ ಇನ್ನೂ ತೊಂಬತ್ತು ವರ್ಷ ಹಿಡಿಯಿತು.

ಬರ್ನಿನ ಬಾಲಕಿ, ನ್ಯೂಕ್ಯಾಸಲಿನ ಮಹಿಳೆ

ಈ ನಡುವಣ ಅವಧಿಯಲ್ಲಿ ಶಸ್ತ್ರವೈದ್ಯ ಮುಂದೆ ಬಂದಿತು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೋಡರ್ ಕೋಚರ್ ಗಳಗಂಡದ ಶಸ್ತ್ರಚಿಕಿತ್ಸೆಯಲ್ಲಿ ಅಸಾಧಾರಣ ನೈಪುಣ್ಯ ಸಾಧಿಸಿದ್ದನು. 1874ರಲ್ಲಿ ಹನ್ನೊಂದು ವರ್ಷದ ಬಾಲಕಿಯೊಬ್ಬಳ ಥೈರಾಯ್ಡನ್ನು ಪೂರ್ಣವಾಗಿ ತೆಗೆದನು. ಗಾಯ ಚೆನ್ನಾಗಿ ಮಾಯಿತು, ಹುಡುಗಿ ಕುಗ್ಗಿದಳು. ಆಕೆಯನ್ನು ಕಳುಹಿಸಿದ್ದ ಊರಿನ ವೈದ್ಯನು ಆಕೆಯ ನಡತೆಯೇ ಬದಲಾಗಿದೆಯೆಂದು ತಿಳಿಸಿದ್ದನು. ಮೊದಲು ತಂಗಿಯಿಂದ ಗುರುತಿಸಲಾಗದಷ್ಟು ಹೋಲಿಕೆಯಿದ್ದವಳು ವರ್ಷಗಳ ನಂತರ ಆ ತಂಗಿಗಿಂತ ಕುಳ್ಳಾಗಿ, ಮುಖ ಊದಿಕೊಂಡು, ಬುದ್ಧಿ ಮಂಕಾಗಿ ನಿಂತಿದ್ದಳು. ಜಿನೀವಾದ ರೆವೆರ್ದಾನ್ 1882ರಲ್ಲಿ ಇಂಥದೇ ಅನುಭವವನ್ನು ತಿಳಿಸಿದ ಮೇಲೆ ಕೋಚರ್ ತನ್ನ ಹಳೆಯ ರೋಗಿಗಳನ್ನು ಮತ್ತೆ ಕರೆಸಿದನು. ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡು ಮರುಪರೀಕ್ಷೆಗೆ ಬಂದ 18 ಮಂದಿಯಲ್ಲಿ 16 ಮಂದಿಯ ಸ್ಥಿತಿ ಹೀಗೆಯೇ ಇತ್ತು. 1883ರಲ್ಲಿ ಅವನು ಇದನ್ನು ಮರೆಮಾಚದೆ ಶಸ್ತ್ರವೈದ್ಯರ ಸಭೆಯ ಮುಂದಿಟ್ಟು, ಮುಂದೆ ಪೂರ್ಣ ಗ್ರಂಥಿಯನ್ನು ತೆಗೆಯುವುದನ್ನು ಕೈಬಿಟ್ಟನು. 1909ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು. ಥೈರಾಯ್ಡ್ ನಿರುಪಯೋಗಿ ಮಾಂಸದ ಗಂಟಲ್ಲ, ದೇಹ ಮತ್ತು ಬುದ್ಧಿಯ ಬೆಳವಣಿಗೆ ಅದರ ಮೇಲೆ ನಿಂತಿದೆ ಎಂಬ ಅರಿವಿಗೆ ತೆತ್ತ ಬೆಲೆ ಆ ರೋಗಿಗಳದು.

ಅರಿವು ಬಂದ ಮೇಲೆ ಮದ್ದು ಬೇಗನೆ ಬಂದಿತು. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲಿನಲ್ಲಿ ಜಾರ್ಜ್ ಮರ್ರೆ ಕುರಿಯ ಥೈರಾಯ್ಡಿನ ಸಾರವನ್ನು 46 ವರ್ಷದ ಮಹಿಳೆಯೊಬ್ಬಳಿಗೆ ಚುಚ್ಚಿ ಕೊಟ್ಟನು. ಥೈರಾಯ್ಡ್ ಬತ್ತಿ ಜಡವಾಗಿದ್ದ ಆಕೆ ಚೇತರಿಸಿಕೊಂಡು ಮುಂದೆ 28 ವರ್ಷ ಬದುಕಿದಳು. ಆ ಅವಧಿಯಲ್ಲಿ ಆಕೆ ಸೇವಿಸಿದ ಸಾರಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಬೇಕಾದವು. ಮರುವರ್ಷ ಇನ್ನೊಬ್ಬ ವೈದ್ಯನು ಚುಚ್ಚುಮದ್ದಿನ ಬದಲು ಗ್ರಂಥಿಯನ್ನೇ ನಸುವಾಗಿ ಹುರಿದು ಹಣ್ಣಿನ ಜೆಲ್ಲಿಯ ಜೊತೆ ತಿನ್ನಿಸಿದನು. ಹನ್ನೆರಡು ಶತಮಾನಗಳ ಹಿಂದಿನ ಚೀನೀ ವೈದ್ಯನಿಗೆ ಇದು ಹೊಸದಾಗಿ ಕಾಣುತ್ತಿರಲಿಲ್ಲ. 1890ರ ದಶಕದ ನಡುವೆ ಬೌಮನ್ ಗ್ರಂಥಿಯಲ್ಲಿ ಅಯೋಡಿನ್ ಇರುವುದನ್ನು ಕಂಡುಹಿಡಿದನು. 'ಹಾರ್ಮೋನು' ಎಂಬ ಪದವನ್ನು ಸ್ಟಾರ್ಲಿಂಗ್ ಬಳಕೆಗೆ ತಂದದ್ದು 1905ರಲ್ಲಿ. 1914ರ ಕ್ರಿಸ್‌ಮಸ್ ದಿನ ಕೆಂಡಲ್ ಥೈರಾಕ್ಸಿನ್ ಹಾರ್ಮೋನನ್ನು ಹರಳುರೂಪದಲ್ಲಿ ಬೇರ್ಪಡಿಸಿದನು. ಸುಮಾರು ಮೂರು ಟನ್ ಹಂದಿ ಗ್ರಂಥಿಗಳಿಂದ ದೊರೆತದ್ದು 33 ಗ್ರಾಂ. ಹ್ಯಾರಿಂಗ್ಟನ್ 1926ರಲ್ಲಿ ಅದರ ರಚನೆಯನ್ನು ಬಿಡಿಸಿದನು. ಪಠ್ಯಪುಸ್ತಕಗಳು ವಿಸ್ತಾರವಾಗಿ ಹೇಳುವ ಈ ಅಧ್ಯಾಯವನ್ನು ಇಲ್ಲಿ ಬೆಳೆಸಬೇಕಾಗಿಲ್ಲ.

ಗಳಗಂಡವನ್ನು ತಡೆಯುವ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿತ್ತು. ಅದಕ್ಕೆ ಮೊದಲ ದೊಡ್ಡ ಸಾಕ್ಷ್ಯ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ನಗರದ ಶಾಲಾ ಬಾಲಕಿಯರಿಂದ ಬಂದಿತು. 1917ರಲ್ಲಿ ಡೇವಿಡ್ ಮರೀನ್ ಮತ್ತು ಕಿಂಬಲ್ ಆರಂಭಿಸಿದ ಈ ಪ್ರಯೋಗದಲ್ಲಿ ಅಯೋಡಿನ್ ಸೇವನೆ ಐಚ್ಛಿಕವಾಗಿತ್ತು. ಸೇವಿಸಿದ 2190 ಬಾಲಕಿಯರಲ್ಲಿ ಐವರಿಗೆ, ಸೇವಿಸದ 2305 ಮಂದಿಯಲ್ಲಿ 495 ಮಂದಿಗೆ ಗ್ರಂಥಿ ಊದಿಕೊಂಡಿತು. ಇದೇ ವೇಳೆಗೆ ಸ್ವಿಟ್ಜರ್ಲೆಂಡಿನ ಹಳ್ಳಿಗಾಡಿನ ವೈದ್ಯ ಬಾಯಾರ್ಡ್ ತಾನೇ ಉಪ್ಪಿಗೆ ಅಯೋಡೈಡ್ ಬೆರೆಸಿ, ಹೇಸರಗತ್ತೆಯ ಮೇಲೆ ಹೇರಿ ಎತ್ತರದ ಗ್ರೆಹೆನ್ ಹಳ್ಳಿಗೆ ಕಳುಹಿಸುತ್ತಿದ್ದನು. 1922ರಲ್ಲಿ ಆಪೆನ್ಜೆಲ್ ಔಸರ್‌ರೋಡನ್ ಪ್ರಾಂತದಲ್ಲಿ ಅಯೋಡಿನ್ ಉಪ್ಪು ಅಧಿಕೃತವಾಗಿ ಮಾರಾಟಕ್ಕೆ ಬಂದಿತು. 1924ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯ ಅದೇ ದಾರಿ ಹಿಡಿಯಿತು.

ಗಿಲ್ಗಿಟ್ಟಿನ ನೀರು

ಯುರೋಪು ಉಪ್ಪಿನ ಕಡೆಗೆ ತಿರುಗುವ ಮುಂಚೆ ಹಿಮಾಲಯದಲ್ಲಿ ಬೇರೊಂದು ಹುಡುಕಾಟ ನಡೆದಿತ್ತು. ಬ್ರಿಟಿಷ್ ಭಾರತದ ವೈದ್ಯಾಧಿಕಾರಿ ರಾಬರ್ಟ್ ಮೆಕ್ಯಾರಿಸನ್ 20ನೆಯ ಶತಮಾನದ ಆರಂಭದಲ್ಲಿ ಗಿಲ್ಗಿಟ್ ಮತ್ತು ಚಿತ್ರಾಲ್ ಪ್ರದೇಶಗಳಲ್ಲಿ ಗಳಗಂಡವನ್ನು ಅಭ್ಯಸಿಸಿದನು. ಗಳಗಂಡಕ್ಕೆ ನೀರೇ ಕಾರಣವೆಂಬುದು ಬೆಟ್ಟಸೀಮೆಗಳ ಹಳೆಯ ನಂಬಿಕೆ. ಅವನ ಸಮೀಕ್ಷೆ ಅದಕ್ಕೆ ಇಂಬುಕೊಟ್ಟಿತು: ಒಂದೇ ಕಾಲುವೆ ಹಳ್ಳಿಯಿಂದ ಹಳ್ಳಿಗೆ ಇಳಿದುಬರುವ ಗಿಲ್ಗಿಟ್ಟಿನಲ್ಲಿ ಮೇಲಿನ ಹಳ್ಳಿಗಿಂತ ಕೆಳಗಿನ ಹಳ್ಳಿಗಳಲ್ಲಿ ಗಳಗಂಡ ಹೆಚ್ಚಾಗಿತ್ತು. ನೀರಿನ ಕೊಳೆಯಲ್ಲಿ ರೋಗಾಣುವಿದೆಯೆಂದು ಶಂಕಿಸಿದ ಅವನು ಸೋಸಿದಾಗ ಉಳಿದ ಕೆಸರನ್ನು ತಾನೂ ಕುಡಿದು, ಸ್ವಯಂಸೇವಕರಿಗೂ ಕುಡಿಸಿದನು. ಕೆಲವರ ಕೊರಳು ಊದಿತು. ಕುದಿಸಿದ ಕೆಸರನ್ನು ಕುಡಿದವರಿಗೆ ಏನೂ ಆಗಲಿಲ್ಲ. ಮೂಲ ಕಾರಣದ ಬಗ್ಗೆ ಅವನ ತೀರ್ಮಾನ ನಿಲ್ಲಲಿಲ್ಲ. ಆದರೂ ತನ್ನ ಕೊರಳನ್ನೇ ಪ್ರಯೋಗಕ್ಕೆ ಒಡ್ಡಿದ ಸಂಶೋಧಕನೆಂಬ ಗೌರವ ಅವನಿಗೆ ಸಲ್ಲಬೇಕು. ಈ ಚರಿತ್ರೆಯಲ್ಲಿ ಅಂಥವರು ವಿರಳ. ನೀರನ್ನು ದೂರಿದ ಜನರ ಮಾತೂ ಪೂರ್ತಿ ಸುಳ್ಳಾಗಿರಲಿಲ್ಲ. ನೀರಿನಲ್ಲಿ ಇದ್ದುದನ್ನು ಅವರು ದೂರಿದರು, ದೋಷವಿದ್ದದ್ದು ಅದರಲ್ಲಿ ಇಲ್ಲದ್ದರಲ್ಲಿ. ನೀರು ಮಣ್ಣಿನ ಬಡತನದ ಸೂಚಕವಾಗಿತ್ತು.

ಕಾಂಗ್ರಾ

ಸ್ವಾತಂತ್ರ್ಯಾನಂತರ ಈ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡವರು ವುಲಿಮಿರಿ ರಾಮಲಿಂಗಸ್ವಾಮಿ. 1921ರಲ್ಲಿ ಆಂಧ್ರದ ಶ್ರೀಕಾಕುಳಂನಲ್ಲಿ ಜನಿಸಿದ ಈ ರೋಗಶಾಸ್ತ್ರಜ್ಞರು ಮುಂದೆ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಮಹಾನಿರ್ದೇಶಕರಾಗಿ ಪ್ರಸಿದ್ಧರಾದರು. ಸೂಚ್ ಮೊದಲಾದ ಸಹೋದ್ಯೋಗಿಗಳೊಡನೆ ಅವರು ಆರಿಸಿಕೊಂಡದ್ದು ಕಾಂಗ್ರಾ ಕಣಿವೆಯನ್ನು. ಆಗ ಅದು ಪಂಜಾಬಿಗೆ ಸೇರಿತ್ತು. 1966ರಿಂದ ಹಿಮಾಚಲ ಪ್ರದೇಶದಲ್ಲಿದೆ. ಧೌಲಾಧಾರ್ ಶ್ರೇಣಿಯ ಕೆಳಗಿನ ಈ ಕಣಿವೆ ಚಿತ್ರಕಲೆಗೆ ಹೆಸರಾದುದು. ನೆರೆಯ ಮಂಡಿಯ ದ್ರಂಗ್ ಮತ್ತು ಗುಮಾ ಗಣಿಗಳ ಕಲ್ಲುಪ್ಪು ಈ ಬೆಟ್ಟಸೀಮೆಯ ಪರಿಚಿತ ಉಪ್ಪು. ಆಯುರ್ವೇದವು ಉಪ್ಪುಗಳಲ್ಲಿ ಶ್ರೇಷ್ಠವೆಂದ ಸೈಂಧವವೂ ಕಲ್ಲುಪ್ಪೇ. ಅದರಲ್ಲಿ ಅಯೋಡಿನ್ ತೀರ ಅಲ್ಪ. ಸಮುದ್ರದ ಉಪ್ಪಿನಲ್ಲಿ ಅದು ಧಾರಾಳವಾಗಿದೆಯೆಂಬ ಗ್ರಹಿಕೆಯೂ ತಪ್ಪು. ಮೀನು ಮತ್ತು ಪಾಚಿಯಲ್ಲಿ ಸೇರುವ ಅಯೋಡಿನ್, ಬಿಸಿಲಿಗೆ ಒಣಗಿದ ಉಪ್ಪಿನಲ್ಲಿ ನಿಲ್ಲುವುದಿಲ್ಲ.

1956ರಲ್ಲಿ ಸುಮಾರು ಒಂದು ಲಕ್ಷ ಜನಸಂಖ್ಯೆಯ ಪ್ರದೇಶವನ್ನು ಎ, ಬಿ, ಸಿ ಎಂಬ ಮೂರು ವಲಯಗಳಾಗಿ ವಿಂಗಡಿಸಲಾಯಿತು. ಮೂರರಲ್ಲಿಯೂ ಗಳಗಂಡದ ಪ್ರಮಾಣ ಶೇ. 38ರ ಆಸುಪಾಸಿನಲ್ಲಿತ್ತು. ಎ ವಲಯಕ್ಕೆ ಪೊಟ್ಯಾಸಿಯಂ ಅಯೋಡೈಡ್ ಬೆರೆಸಿದ ಉಪ್ಪು, ಸಿ ವಲಯಕ್ಕೆ ಪೊಟ್ಯಾಸಿಯಂ ಅಯೋಡೇಟ್ ಬೆರೆಸಿದ ಉಪ್ಪು, ಬಿ ವಲಯಕ್ಕೆ ಏನೂ ಬೆರೆಸದ ಉಪ್ಪು ಪೂರೈಕೆಯಾಯಿತು. ಶಾಲಾ ಮಕ್ಕಳ ಕೊರಳುಗಳನ್ನು ವರ್ಷಗಳ ಅಂತರದಲ್ಲಿ ಮುಟ್ಟಿ ಪರೀಕ್ಷಿಸಲಾಯಿತು. ವಿಕಿರಣಶೀಲ ಅಯೋಡಿನ್ ಬಳಸಿ ನಡೆಸಿದ ಪರೀಕ್ಷೆಗಳಲ್ಲಿ ಇಲ್ಲಿನ ಜನರ ಗ್ರಂಥಿಗಳು ಅಯೋಡಿನ್ನಿಗಾಗಿ ಹಸಿದಿದ್ದುದು ಸ್ಪಷ್ಟವಾಯಿತು: ಕೊಟ್ಟದ್ದನ್ನು ಬಹುಪಾಲು ಹೀರಿಕೊಳ್ಳುತ್ತಿದ್ದವು, ಮೂತ್ರದಲ್ಲಿ ಹೊರಹೋಗುತ್ತಿದ್ದದ್ದು ಅತ್ಯಲ್ಪ. 1962ರ ವೇಳೆಗೆ ಎ ವಲಯದಲ್ಲಿ ಗಳಗಂಡ ಶೇ. 19ಕ್ಕೂ ಸಿ ವಲಯದಲ್ಲಿ ಶೇ. 15ಕ್ಕೂ ಇಳಿದಿತ್ತು. ಬಿ ವಲಯದಲ್ಲಿ ಅದು ಶೇ. 40 ಇತ್ತು. ಆ ಬಳಿಕ ಬಿ ವಲಯಕ್ಕೂ ಅಯೋಡಿನ್ ಉಪ್ಪನ್ನು ಕೊಡಲಾಯಿತು, ಅಲ್ಲಿಯೂ ಗಳಗಂಡ ಇಳಿಯತೊಡಗಿತು.

ಈ ಪ್ರಯೋಗದ ವೈಜ್ಞಾನಿಕ ಮಹತ್ವವನ್ನು ಕಡಿಮೆ ಮಾಡಿ ಹೇಳುವ ಕಾರಣವಿಲ್ಲ. ಹಿಮಾಲಯದ ಗಳಗಂಡಕ್ಕೆ ಅಯೋಡಿನ್ ಕೊರತೆಯೇ ಮುಖ್ಯ ಕಾರಣವೆಂಬುದು ನಿರ್ವಿವಾದವಾಗಿ ಸ್ಥಿರಗೊಂಡಿತು. ತೇವ ಮತ್ತು ಬಿಸಿಲಿರುವ ನಾಡಿನಲ್ಲಿ, ಶುದ್ಧೀಕರಿಸದ ಉಪ್ಪಿನಲ್ಲಿಯೂ ನಿಲ್ಲಬಲ್ಲ ಅಯೋಡೇಟ್ ಹೆಚ್ಚು ತಕ್ಕದ್ದೆಂಬ ಅಭಿಪ್ರಾಯಕ್ಕೆ ಆಧಾರ ದೊರೆಯಿತು. 1962ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು.

ಬಿ ವಲಯದ ಪ್ರಶ್ನೆ ಇಷ್ಟಕ್ಕೆ ಮುಗಿಯುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಅಯೋಡಿನ್ ಉಪ್ಪು ಬಳಕೆಗೆ ಬಂದು 34 ವರ್ಷಗಳಾದ ಮೇಲೆ ಕಾಂಗ್ರಾದ ಒಂದು ಭಾಗದ ಜನರನ್ನು ಸುಮಾರು ಆರು ವರ್ಷ ಅದಿಲ್ಲದೆ ಇರಿಸಬೇಕಾಗಿತ್ತೇ? ಇದಕ್ಕೆ ಸಮರ್ಥನೆ ಇಲ್ಲದಿಲ್ಲ. ಮೆಕ್ಯಾರಿಸನ್‌ನಿಂದ ಬಂದ ಕೊಳೆನೀರಿನ ವಾದ ಪೂರ್ತಿ ಸತ್ತಿರಲಿಲ್ಲ. ಹೋಲಿಕೆಗೆ ಒಂದು ವಲಯವಿಲ್ಲದಿದ್ದರೆ ಗಳಗಂಡದ ಇಳಿತವನ್ನು ರಸ್ತೆ, ಶಾಲೆ, ಆಹಾರಗಳ ಸುಧಾರಣೆಗೆ ಆರೋಪಿಸಬಹುದಾಗಿತ್ತು. ಅಯೋಡಿನ್ ಉಪ್ಪು ಆಗ ಇಡೀ ಹಿಮಾಲಯಕ್ಕೇ ಇರಲಿಲ್ಲ, ಬಿ ವಲಯಕ್ಕೆ ಮಾತ್ರ ಇಲ್ಲದ್ದಲ್ಲ. ಈ ವಾದಗಳನ್ನು ಒಪ್ಪಿದರೂ ಒಂದು ಮಾತು ಉಳಿಯುತ್ತದೆ. ಮಗುವಿನ ಕೊರಳಿನ ಉಬ್ಬು ಅಯೋಡಿನ್ ದೊರೆತ ಮೇಲೆ ಇಳಿಯಬಹುದು, ಗರ್ಭದಲ್ಲಿ ಆದ ಹಾನಿ ಇಳಿಯುವುದಿಲ್ಲ. ಆ ಆರು ವರ್ಷಗಳಲ್ಲಿ ಬಿ ವಲಯದಲ್ಲಿ ಹೆಂಗಸರು ಬಸುರಾದರು, ಮಕ್ಕಳು ಹುಟ್ಟಿದರು. ಕೊರತೆಯ ಈ ಮುಖ, ಅಂದರೆ ನವಜಾತ ಶಿಶುಗಳ ಥೈರಾಯ್ಡ್ ಕೊರತೆಯ ವ್ಯಾಪ್ತಿ, ಉತ್ತರ ಪ್ರದೇಶದ ಗೊಂಡಾ, ದೇವರಿಯಾ ಮೊದಲಾದ ಜಿಲ್ಲೆಗಳಲ್ಲಿ ಕೊಚುಪಿಳ್ಳೈ ಮತ್ತಿತರರು ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷಿಸಿದ ಮೇಲೆ, 1980ರ ದಶಕದಲ್ಲಿ, ಸ್ಪಷ್ಟವಾಗಿ ಗೋಚರಿಸಿತು. 1956ರಲ್ಲಿ ಗಳಗಂಡವೆಂದರೆ ಮುಖ್ಯವಾಗಿ ಕೊರಳಿನ ಕಾಯಿಲೆಯಾಗಿತ್ತು. ಅಂದಿನ ತಿಳಿವಳಿಕೆಯ ಮಿತಿಯನ್ನು ಇಂದಿನ ತಿಳಿವಳಿಕೆಯಿಂದ ಅಳೆಯುವುದು ಇತಿಹಾಸಕಾರನಿಗೆ ಸಲ್ಲದು. ಮಿತಿಯ ಭಾರವನ್ನು ಹೊತ್ತವರು ಯಾರೆಂಬುದನ್ನು ದಾಖಲಿಸದಿರುವುದೂ ಸಲ್ಲದು.

ಮಾನವರ ಮೇಲಿನ ಪ್ರಯೋಗಗಳ ನೀತಿಯನ್ನು ಕುರಿತ ಹೆಲ್ಸಿಂಕಿ ಘೋಷಣೆ ಬಂದದ್ದು 1964ರಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರ ಅಧ್ಯಕ್ಷತೆಯ ಸಮಿತಿಯ ಮೂಲಕ ತನ್ನ ಮೊದಲ ನೀತಿ ಹೇಳಿಕೆಯನ್ನು 1980ರಲ್ಲಿ ಹೊರಡಿಸಿತು. ಆಗ ಪರಿಷತ್ತಿನ ಮಹಾನಿರ್ದೇಶಕರಾಗಿದ್ದವರು ರಾಮಲಿಂಗಸ್ವಾಮಿಯವರೇ. ಕನ್ನಡ ನಾಡಿನವರಾದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅವರ ನೇತೃತ್ವದ ಸಮಿತಿ 2000ದಲ್ಲಿ ಇದನ್ನು ವಿಸ್ತರಿಸಿ ಮಾರ್ಗಸೂಚಿಯಾಗಿ ರೂಪಿಸಿತು. ಭಾಗವಹಿಸುವವರ ತಿಳಿದು ಕೊಟ್ಟ ಸಮ್ಮತಿ ಇಂದು ಯಾವುದೇ ಚಿಕಿತ್ಸಾ ಪ್ರಯೋಗಕ್ಕೆ ಕಡ್ಡಾಯ. ಆದರೆ ಇಡೀ ಕಣಿವೆಯ ಉಪ್ಪನ್ನೇ ಬದಲಿಸುವಾಗ ಸಮ್ಮತಿಯನ್ನು ಕೇಳಬೇಕಾದದ್ದು ಯಾರನ್ನು? ಮನೆಯ ಯಜಮಾನನನ್ನೇ, ಊರಿನ ಮುಖ್ಯಸ್ಥನನ್ನೇ, ಒಲೆಯ ಮುಂದೆ ಕೂತು ಉಪ್ಪು ಹಾಕುವ ಹೆಂಗಸನ್ನೇ? ಸಮುದಾಯ ಮಟ್ಟದ ಪ್ರಯೋಗಗಳಲ್ಲಿ ಈ ಪ್ರಶ್ನೆ ಇನ್ನೂ ಸುಲಭವಾಗಿ ಬಗೆಹರಿದಿಲ್ಲ.

ಉಪ್ಪಿನ ಋಣ, ಉಪ್ಪಿನ ಹಕ್ಕು

ಉಪ್ಪು ಔಷಧದ ವಾಹನವಾಗಲು ಕಾರಣಗಳು ಸ್ಪಷ್ಟ: ಎಲ್ಲರೂ ತಿನ್ನುತ್ತಾರೆ, ದಿನಾ ತಿನ್ನುತ್ತಾರೆ, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನುತ್ತಾರೆ. ಆದರೆ ಸಂಸ್ಕೃತಿಯಲ್ಲಿ ಉಪ್ಪು ಬರಿಯ ವಾಹನವಲ್ಲ. ಕನ್ನಡ ನಾಡಿನಲ್ಲಿ ಉಪ್ಪಿನ ಋಣವೆಂಬುದು ನಿಷ್ಠೆಯ ಇನ್ನೊಂದು ಹೆಸರು. ಗೃಹಪ್ರವೇಶದಲ್ಲಿ ಉಪ್ಪು ಮೊದಲು ಒಳಬರುತ್ತದೆ. ಮುಸ್ಸಂಜೆಯಲ್ಲಿ ಅದನ್ನು ನೆರೆಮನೆಗೆ ಕೊಡುವುದಿಲ್ಲ. ಕೈಯಿಂದ ಕೈಗೆ ನೀಡುವುದಿಲ್ಲ. ಮಗುವಿನ ದೃಷ್ಟಿ ತೆಗೆಯಲು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ. 1930ರಲ್ಲಿ ಅಂಕೋಲೆಯ ಜನ ಸಮುದ್ರದ ದಡದಲ್ಲಿ ಉಪ್ಪು ತಯಾರಿಸಿ ಕಾನೂನು ಮುರಿದಾಗ ಈ ಎಲ್ಲ ಭಾವಗಳೂ ಅದರ ಬೆನ್ನಿಗಿದ್ದವು. ಇಂಥ ವಸ್ತುವನ್ನು ಸರ್ಕಾರ ಮುಟ್ಟಿದಾಗ ವಿವಾದವೇಳದಿದ್ದರೆ ಆಶ್ಚರ್ಯ.

ವಿವಾದಕ್ಕೆ ಮುನ್ನ ವಿಳಂಬವಿತ್ತು. 1962ರ ಕಾರ್ಯಕ್ರಮ ಗಳಗಂಡದ ಪಟ್ಟಿಯೆಂದು ಗುರುತಿಸಿದ ಸೀಮೆಗಳಿಗೆ ಸೀಮಿತವಾಗಿತ್ತು. ಅಷ್ಟಕ್ಕೂ ಸಾಕಾಗುವಷ್ಟು ಉಪ್ಪು ತಯಾರಾಗುತ್ತಿರಲಿಲ್ಲ. ಖಾಸಗಿಯವರಿಗೆ ತಯಾರಿಕೆಯ ಅವಕಾಶ ದೊರೆತದ್ದು 1983ರಲ್ಲಿ. ಅಷ್ಟರಲ್ಲಿ ಬಯಲುಸೀಮೆಯಲ್ಲಿಯೂ, ದೆಹಲಿ, ಮುಂಬಯಿಯಂಥ ನಗರಗಳಲ್ಲಿಯೂ, ಕರ್ನಾಟಕದ ಚಿಕ್ಕಮಗಳೂರು, ಕೊಡಗು ಜಿಲ್ಲೆಗಳಲ್ಲಿಯೂ ನಡೆದ ಸಮೀಕ್ಷೆಗಳು ಗಳಗಂಡ ಹಿಮಾಲಯದ ಸೊತ್ತಲ್ಲವೆಂದು ತೋರಿಸಿದ್ದವು. 1992ರಲ್ಲಿ ಕಾರ್ಯಕ್ರಮದ ಹೆಸರನ್ನು ಅಯೋಡಿನ್ ಕೊರತೆಯ ಕಾಯಿಲೆಗಳ ನಿಯಂತ್ರಣವೆಂದು ಬದಲಿಸಲಾಯಿತು. ಊಟಕ್ಕೆ ಬಳಸುವ ಅಯೋಡಿನ್‌ರಹಿತ ಉಪ್ಪಿನ ಮಾರಾಟವನ್ನು ಕೇಂದ್ರ ಸರ್ಕಾರ 1998ರಲ್ಲಿ ನಿಷೇಧಿಸಿತು, 2000ದಲ್ಲಿ ಆ ನಿಷೇಧವನ್ನು ತೆಗೆಯಿತು, 2006ರಿಂದ ಮತ್ತೆ ಜಾರಿಗೆ ತಂದಿತು. ಸಣ್ಣ ಉಪ್ಪು ತಯಾರಕರ ಬದುಕು, ದೊಡ್ಡ ಕಂಪನಿಗಳ ಲಾಭ, ಉಪ್ಪಿನ ಸತ್ಯಾಗ್ರಹದ ನೆನಪು ಇವೆಲ್ಲವೂ ಚರ್ಚೆಗೆ ಬಂದವು. 2011ರಲ್ಲಿ ಸುಪ್ರೀಂ ಕೋರ್ಟು ಆ ನಿಯಮ ಅಂದಿನ ಆಹಾರ ಕಲಬೆರಕೆ ಕಾಯಿದೆಯ ವ್ಯಾಪ್ತಿಗೆ ಮೀರಿದ್ದೆಂದು ತೀರ್ಪಿತ್ತರೂ, ಜನಾರೋಗ್ಯದ ದೃಷ್ಟಿಯಿಂದ ಅದನ್ನು ಒಡನೆಯೇ ತೆಗೆದುಹಾಕದೆ ಕಾಲಾವಕಾಶ ನೀಡಿತು. ಅದೇ ವರ್ಷದ ಆಹಾರ ಸುರಕ್ಷತಾ ನಿಬಂಧನೆಗಳಲ್ಲಿ ನಿಷೇಧ ಮುಂದುವರಿಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಶೇ. 94ರಷ್ಟು ಮನೆಗಳು ಅಯೋಡಿನ್ ಉಪ್ಪನ್ನು ಬಳಸುತ್ತಿದ್ದವು.

ಹಿಮಾಲಯದ ಆಚೀಚೆ ವದಂತಿಗಳೂ ಹುಟ್ಟಿದವು. ಪಾಕಿಸ್ತಾನದಲ್ಲಿ ಅಯೋಡಿನ್ ಉಪ್ಪು ಗುಟ್ಟಾದ ಸಂತಾನ ನಿಯಂತ್ರಣದ ಉಪಾಯವೆಂಬ ಮಾತು ಹಬ್ಬಿತ್ತು. ಆರೋಗ್ಯ ಇಲಾಖೆಗಳು ಇಂಥವನ್ನು ಅಜ್ಞಾನವೆಂದು ತಳ್ಳಿಹಾಕುತ್ತವೆ. ಜಾನಪದದ ದೃಷ್ಟಿಯಲ್ಲಿ ವದಂತಿಯೂ ಒಂದು ಕಥನ ಪ್ರಕಾರ; ತನ್ನನ್ನು ಕೇಳದೆ ತನ್ನ ತಟ್ಟೆಗೆ ಏನನ್ನೋ ಬೆರೆಸಲಾಗಿದೆ ಎಂಬ ಅದರ ಒಳಗಿನ ದೂರು ವಾಸ್ತವವಾಗಿ ಸುಳ್ಳಲ್ಲ. ಬೆರೆಸಿದ್ದು ಹಿತವಾದದ್ದೆಂಬುದನ್ನು ಹೇಳುವ ಮಾತು ಜನರ ಭಾಷೆಯಲ್ಲಿ, ಜನರ ನಂಬಿಕೆಯ ವ್ಯಕ್ತಿಗಳ ಬಾಯಿಂದ ಬರಬೇಕಾಗಿತ್ತು.

ಕಾಂಗ್ರಾದ ವರದಿಗಳು ಅಂಕಿಗಳ ಭಾಷೆಯಲ್ಲಿವೆ, ಅವು ಇರಬೇಕಾದದ್ದೂ ಹಾಗೆಯೇ. ಕೊರಳಿನ ಗಾತ್ರ, ಮೂತ್ರದ ಅಯೋಡಿನ್, ವಲಯ, ವರ್ಷ ಅಲ್ಲಿ ದೊರೆಯುತ್ತವೆ. ಉಪ್ಪಿನ ರುಚಿ ಬದಲಾಯಿತೆಂದು ಯಾರಾದರೂ ಅಂದರೇ, ನೆರೆಯ ವಲಯದಲ್ಲಿ ಮಕ್ಕಳ ಕೊರಳು ಇಳಿಯುತ್ತಿರುವ ಸುದ್ದಿ ಬಿ ವಲಯಕ್ಕೆ ತಲುಪಿತ್ತೇ, ಮದುವೆಯ ಮಾತುಕತೆಯಲ್ಲಿ ಹುಡುಗಿಯ ಊರು ಯಾವ ವಲಯದ್ದೆಂಬುದು ಲೆಕ್ಕಕ್ಕೆ ಬರುತ್ತಿತ್ತೇ ಎಂಬಂಥ ಪ್ರಶ್ನೆಗಳಿಗೆ ಅಲ್ಲಿ ಎಡೆಯಿಲ್ಲ. 1956ರಲ್ಲಿ ಶಾಲೆಯ ಸಾಲಿನಲ್ಲಿ ನಿಂತು ಕೊರಳು ತೋರಿಸಿದ ಮಕ್ಕಳಿಗೆ ಈಗ ಎಪ್ಪತ್ತೈದು ದಾಟಿದೆ, ಹಲವರಿಗೆ ಎಂಬತ್ತು. ಮೌಖಿಕ ಇತಿಹಾಸದ ಕ್ಷೇತ್ರಕಾರ್ಯ ಅಲ್ಲಿ ನಡೆಯುವುದಾದರೆ ಮೊದಲು ಹೋಗಬೇಕಾದದ್ದು ಬಿ ವಲಯದ ಹಳ್ಳಿಗಳಿಗೆ, ಮೊದಲು ಕೇಳಬೇಕಾದದ್ದು ಆ ಆರು ವರ್ಷಗಳಲ್ಲಿ ತಾಯಂದಿರಾದ ಹೆಂಗಸರ ಮನೆಗಳಲ್ಲಿ.